ಕೀಲಿ ಹಾಕಿದ ಬಾಗಿಲಿಗೆ ಕಾವಲು

ಗದಗಿನಿಂದ ಮುಂಡರಗಿಗೆ ಹೊರಟ ಬಸ್ಸಿನಲ್ಲಿ ಬಲಗಡೆಯ ಕಿಟಕಿ ಸಿಕ್ಕರೆ ನಿಮ್ಮ ಅದೃಷ್ಟ. ಡಂಬಳ ಹತ್ತಿರವಾಗುವ ಹೊತ್ತಿಗೆ ಕಪ್ಪತಗುಡ್ಡದ ಸಾಲು ನಿಮ್ಮ ಜೊತೆಗೂಡುತ್ತದೆ. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಅವಸರವಿಲ್ಲದೆ ಕೈ ತಿರುವುತ್ತಿರುತ್ತವೆ. ಡಂಬಳದಲ್ಲಿ ಇಳಿದು ನಕ್ಷತ್ರದ ಆಕಾರದ ದೊಡ್ಡಬಸಪ್ಪನ ಗುಡಿ ನೋಡಿ ಮುಂದಕ್ಕೆ ಹೋಗುವವರೂ ಉಂಟು. ನಾನು ಇಳಿಯಲಿಲ್ಲ. ಮುಂಡರಗಿಯಲ್ಲಿ ಪಶುವೈದ್ಯ ಗೆಳೆಯನೊಬ್ಬ ಮೋಟಾರ್ ಸೈಕಲ್ ಹಿಡಿದುಕೊಂಡು ಕಾಯುತ್ತಿದ್ದ.

ಶಿವರಾತ್ರಿ ಮುಗಿದಿತ್ತು. ಜೋಳ, ಕಡಲೆ ಮನೆ ಸೇರಿ ಎರೆಹೊಲಗಳು ಬಾಯಿ ಬಿಡತೊಡಗಿದ್ದವು. 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತ ಮುಂಡರಗಿ ಭೀಮರಾಯನ ಊರಿದು. ಅವನ ಹೆಸರು ಹೇಳುವಾಗ ಇಲ್ಲಿಯ ಜನರ ದನಿ ಇಂದಿಗೂ ಏರುತ್ತದೆ. ತಾಲ್ಲೂಕಿನ ಅಂಚಿನಲ್ಲೇ ತುಂಗಭದ್ರೆ ಹರಿಯುತ್ತಾಳೆ. ಆದರೂ ಹೊಳೆಯಿಂದ ದೂರದ, ಗುಡ್ಡದ ಸೆರಗಿನ ಊರುಗಳಿಗೆ ಮಳೆಯೇ ದೇವರು. ದೇವರು ಮುನಿದ ವರ್ಷ, ಮುನಿಯದಿದ್ದರೂ ಸುಗ್ಗಿ ಮುಗಿದ ಮೇಲೆ, ಅಲ್ಲಿಯ ಜನ ಗಂಟು ಕಟ್ಟುತ್ತಾರೆ. ಗೋವೆ, ಮಂಗಳೂರು, ಬೆಂಗಳೂರು, ಎಲ್ಲಿ ಕಟ್ಟಡದ ಕೆಲಸವಿದೆಯೋ ಅಲ್ಲಿಗೆ. ಇದಕ್ಕೆ ‘ಗುಳೆ’ ಎಂದು ಹೆಸರು. ಈ ಸೀಮೆಯ ಮಕ್ಕಳು ಶಾಲೆಗೆ ಸೇರುವ ಮೊದಲೇ ಈ ಪದ ಕಲಿತಿರುತ್ತಾರೆ.

ಗೆಳೆಯನಿಗೆ ಅಂದು ಗುಡ್ಡದ ಕೆಳಗಿನ ಒಂದು ಊರಿನಲ್ಲಿ ದನಗಳಿಗೆ ಲಸಿಕೆ ಹಾಕುವ ಕೆಲಸವಿತ್ತು. ‘ಸುಮ್ಮನೆ ಕೂತು ಏನು ಮಾಡತೀ, ಬಾ’ ಎಂದು ನನ್ನನ್ನೂ ಹಿಂದೆ ಕೂರಿಸಿಕೊಂಡ.

ಊರಿನ ಒಂದು ಓಣಿಯಲ್ಲಿ ಒಂದು ಬದಿಗಿದ್ದ ಏಳು ಮನೆಗಳ ಪೈಕಿ ಐದಕ್ಕೆ ಕೀಲಿ ಬಿದ್ದಿತ್ತು. ಅಂಗಳಕ್ಕೆ ಸಗಣಿ ನೀರು ಬಿದ್ದು ಎಷ್ಟೋ ದಿನವಾದಂತಿತ್ತು. ಐದನೆಯ ಮನೆಯ ಕಟ್ಟೆಯ ಮೇಲೆ ಒಂದು ಕರಿಯ ನಾಯಿ, ಬಾಗಿಲಿಗೆ ಬೆನ್ನು ತಾಗಿಸಿ, ಮುಂಗಾಲುಗಳ ಮೇಲೆ ಗದ್ದವಿಟ್ಟು ಮಲಗಿತ್ತು. ನಮ್ಮ ಮೋಟಾರ್ ಸೈಕಲ್ಲಿನ ಸದ್ದಿಗೆ ಕಿವಿ ನಿಮಿರಿತು, ತಲೆ ಎದ್ದಿತು, ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ನಾವು ಇಳಿದು ಹತ್ತಿರವಾದೆವು. ಮೂಗು ಗಾಳಿಯಲ್ಲಿ ಒಂದು ಕ್ಷಣ ಆಡಿತು. ಅಷ್ಟೇ, ತಲೆ ಮತ್ತೆ ಕಾಲ ಮೇಲೆ ಕುಳಿತಿತು. ಬೊಗಳಲೂ ಇಲ್ಲ. ನಾವು ಅದಕ್ಕೆ ಬೇಕಾದವರಾಗಿರಲಿಲ್ಲ.

ಎದುರು ಮನೆಯ ಕಟ್ಟೆಯಲ್ಲಿ ಕಡಲೆ ಹಸನು ಮಾಡುತ್ತಿದ್ದ ಮುದುಕಿ ಮೊರ ಕೆಳಗಿಟ್ಟಳು.

‘ಅದು ಹಂಗ ನೋಡ ತಮ್ಮಾ. ನನ್ನ ಮಗಳು, ಅಳಿಯ ಗೋವಾಕ್ಕ ದುಡಿಯಾಕ ಹೋಗ್ಯಾರ. ಸಣ್ಣ ಹುಡುಗೀನ್ನ ಕರಕೊಂಡು ಹೋದ್ರು. ಮೊಮ್ಮಗ ಏಳನೇತ್ತಾ ಅದಾನ, ಸಾಲಿ ತಪ್ಪಬಾರದಂತ ನನ್ನ ಕಡೆ ಬಿಟ್ಟಾರ. ಇದನ್ನೂ ನನ್ನ ಕಡೇನ ಬಿಟ್ಟಾರ. ಮೊಮ್ಮಗ ನನ್ನ ಮನ್ಯಾಗ ಅದಾನ, ಇದು ಒಲ್ಲೆ ಅಂತೈತಿ.’

ನಾಯಿಯ ಹೆಸರು ಕರಿಯಾ. ಆ ತಾಯಿ ಹೇಳಿದ್ದನ್ನು ಇದ್ದ ಹಾಗೇ ಇಲ್ಲಿ ಬರೆಯುತ್ತೇನೆ. ಬೆಳಗಿನ ಜಾವ ಟೆಂಪೊ ಬಂದಿತ್ತು. ಗಂಟು, ಪಾತ್ರೆ, ಒಲೆ ಏರಿದವು. ಹಿಂದಿನ ದಿನ ಗಂಟು ಕಟ್ಟುವಾಗಲೇ ಕರಿಯಾ ಅಸ್ತವ್ಯಸ್ತವಾಗಿತ್ತು. ಯಜಮಾನನ ಕಾಲು ಕಾಲಿಗೆ ತೊಡರುತ್ತಿತ್ತು. ಟೆಂಪೊ ಹೊರಟಾಗ ಹಿಂದೆ ಓಡಿತು. ಡಾಂಬರು ರಸ್ತೆಯವರೆಗೂ ಓಡಿ, ಬಿಸಿಲೇರಿದ ಮೇಲೆ ನಾಲಗೆ ಇಳಿಬಿಟ್ಟು ಮರಳಿ ಬಂತು. ಮೂರು ದಿನ ರೊಟ್ಟಿ ಮುಟ್ಟಲಿಲ್ಲ, ನುಚ್ಚು ಮಜ್ಜಿಗೆ ಹಾಕಿದರೆ ನೆಕ್ಕಿ ಬಿಟ್ಟಿತು. ಬಾಗಿಲನ್ನು ಉಗುರಿನಿಂದ ಕೆರೆಯಿತು. ಆ ಗೆರೆಗಳನ್ನು ನಾವೂ ನೋಡಿದೆವು. ದೀಪ ಹಚ್ಚುವ ಹೊತ್ತಿಗೆ ಗುಡ್ಡದ ಕಡೆ ಮುಖ ಮಾಡಿ ಉದ್ದಕ್ಕೆ ದನಿ ತೆಗೆದು ಊಳಿಟ್ಟಿತು. ಅಪಶಕುನವೆಂದು ಓಣಿಯವರು ಕಲ್ಲು ಹೊಡೆದರು. ಮುದುಕಿ ಹಗ್ಗ ಹಾಕಿ ತನ್ನ ಮನೆಗೆ ಎಳೆದು ತಂದಳು. ರಾತ್ರಿ ಬೆಳಗಾಗುವುದರೊಳಗೆ ಹಗ್ಗ ಕಡಿದು ಕರಿಯಾ ಮತ್ತೆ ಅದೇ ಕಟ್ಟೆಯ ಮೇಲೆ!

‘ಈಗ ಒಂದೀಟು ತಿಂತೈತಿ. ಆದ್ರ ತಿಂದು ಅಲ್ಲೇ ಹೋಗತೈತಿ. ಸಂಜೀ ಬಸ್ಸು ಬರೋ ಹೊತ್ತಿಗೆ ಸ್ಟ್ಯಾಂಡಿಗೆ ಹೋಗಿ ನಿಂತು, ಇಳದವರ ಕಾಲು ಮೂಸಿ ಬರತೈತಿ. ಅದಕ್ಕ ಯಾರು ಹೇಳಬೇಕಪಾ, ಕಾರಹುಣ್ಣಿವಿ ಹೊತ್ತಿಗೆ ಬರತಾರ ಅಂತ?’

ಆ ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನಾವು ಊರಿಗೆ ಹೊರಟಾಗ ‘ಎಂಟು ದಿನದಲ್ಲಿ ಬರುತ್ತೇನೆ’ ಎಂದು ಮಕ್ಕಳಿಗೆ ಹೇಳುತ್ತೇವೆ. ಅವರು ಬೆರಳು ಮಡಚಿ ಎಣಿಸುತ್ತಾರೆ. ನಾಯಿಗೆ ಹೇಳುವ ಬಗೆ ಯಾವುದು? ಅದರ ಪಾಲಿಗೆ ಹೋದವರು ಹೋದರು, ಅಷ್ಟೇ. ಬರುತ್ತಾರೆಂಬುದಕ್ಕೆ ಅದರ ಬಳಿ ಇರುವ ಆಧಾರ ಒಂದೇ: ಇಷ್ಟು ದಿನವೂ ಸಂಜೆಯಾದರೆ ಬರುತ್ತಿದ್ದರು.

ಬೇವಿನ ನೆರಳಿನಲ್ಲಿ ಸೂಜಿ ತೊಳೆಯುತ್ತಾ ಗೆಳೆಯ ಹೇಳಿದ: ‘ಇದನ್ನ ಪ್ರೀತಿ ಅಂತ ಕರೆಯೋದಕ್ಕೆ ವಿಜ್ಞಾನದವರು ಬಹಳ ದಿನ ಹೆದರಿದರು. ಅನ್ನ ಹಾಕಿದವರ ಹಿಂದೆ ಹೋಗತದ, ಅಷ್ಟೇ ಅಂದರು. ಈಗ ಹಾಗೆ ಅನ್ನೋದಿಲ್ಲ.’

ಅವನು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಹೇಳುವುದಾದರೆ ಸಂಗತಿ ಹೀಗಿದೆ. ತಾಯಿಗೂ ಕೂಸಿಗೂ ಇರುವ ಬೆಸುಗೆಯನ್ನು ಅಳೆಯಲು ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿ ಒಂದು ಪರೀಕ್ಷೆ ರೂಪಿಸಿದ್ದರು. ಗುರುತಿಲ್ಲದ ಕೋಣೆಯಲ್ಲಿ ಕೂಸನ್ನು ತಾಯಿಯ ಜೊತೆ ಬಿಡುವುದು, ಹೊಸಬರೊಬ್ಬರು ಒಳಗೆ ಬರುವುದು, ತಾಯಿ ಎದ್ದು ಹೋಗುವುದು, ಮತ್ತೆ ಬರುವುದು. ಕೂಸು ಯಾವಾಗ ಆಡುತ್ತದೆ, ಯಾವಾಗ ಅಳುತ್ತದೆ, ತಾಯಿ ಬಂದಾಗ ಏನು ಮಾಡುತ್ತದೆ ಎಂಬುದನ್ನು ಗಮನಿಸುವುದು. ಹಂಗೇರಿಯ ಬುಡಾಪೆಸ್ಟಿನ ವಿಜ್ಞಾನಿಗಳು ಇದೇ ಪರೀಕ್ಷೆಯನ್ನು 51 ನಾಯಿಗಳ ಮೇಲೆ, ಅವುಗಳ ಯಜಮಾನರನ್ನು ಕರೆಸಿ, ಮಾಡಿ ನೋಡಿದರು. 1998ರಲ್ಲಿ ಪ್ರಕಟವಾದ ಫಲಿತಾಂಶ ಮಕ್ಕಳನ್ನು ಸಾಕಿದವರಿಗೆ ಹೊಸದೆನಿಸದು. ಯಜಮಾನ ಇದ್ದಾಗ ನಾಯಿ ಧೈರ್ಯದಿಂದ ಕೋಣೆಯನ್ನೆಲ್ಲ ಮೂಸಿ ಆಡಿತು. ಅವನು ಹೋದಾಗ ಆಟ ನಿಂತಿತು. ನಾಯಿ ಹೋಗಿ ಬಾಗಿಲ ಬಳಿ ನಿಂತಿತು.

ಬಾಗಿಲ ಬಳಿ! ಬುಡಾಪೆಸ್ಟಿನ ಪ್ರಯೋಗಶಾಲೆಯಾದರೇನು, ಕಪ್ಪತಗುಡ್ಡದ ಸೆರಗಾದರೇನು?

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ಇನ್ನೊಂದು ದಾರಿ ಹಿಡಿದರು. ಮೆದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಅಲುಗಾಡದೆ ಮಲಗಲು ನಾಯಿಗಳಿಗೆ ತಿಂಗಳುಗಟ್ಟಲೆ ಕಲಿಸಿದರು. ಬಳಿಕ ಮನೆಯವರ ವಾಸನೆ, ಅಪರಿಚಿತರ ವಾಸನೆ, ಬೇರೆ ನಾಯಿಯ ವಾಸನೆ ಹೀಗೆ ಒಂದೊಂದನ್ನೇ ಮೂಗಿಗೆ ಹಿಡಿದರು. ಒಳ್ಳೆಯದೇನೋ ಬರಲಿದೆ ಎಂಬ ನಿರೀಕ್ಷೆಗೆ ಸಂಬಂಧಿಸಿದ ಮೆದುಳಿನ ಭಾಗ ಎಲ್ಲಕ್ಕಿಂತ ಹೆಚ್ಚಾಗಿ ಚುರುಕಾದದ್ದು ಪರಿಚಿತ ಮನುಷ್ಯರ ವಾಸನೆಗೆ. ಆ ಮನುಷ್ಯರು ಆಗ ಕೋಣೆಯಲ್ಲಿ ಇರಲೇ ಇಲ್ಲ. ಕರಿಯಾ ಬಾಗಿಲ ಸಂದಿಗೆ ಮೂಗಿಟ್ಟು ಮಲಗುವುದೇಕೆಂದು ಈಗ ತಿಳಿಯಿತಲ್ಲ? ಕೀಲಿ ಹಾಕಿದ ಆ ಮನೆಯ ಒಳಗೆ ಅದರ ಪಾಲಿಗೆ ಎಲ್ಲರೂ ಇನ್ನೂ ಇದ್ದಾರೆ.

ಕಾಲ ಕಳೆದದ್ದು ನಾಯಿಗೆ ತಿಳಿಯುತ್ತದೆಯೇ? ಸ್ವೀಡನ್ನಿನಲ್ಲಿ ನಾಯಿಗಳನ್ನು ಅರ್ಧ ಗಂಟೆ, 2 ಗಂಟೆ, 4 ಗಂಟೆ ಒಂಟಿಯಾಗಿ ಬಿಟ್ಟು ನೋಡಿದ್ದಾರೆ. 2011ರ ಆ ವರದಿಯ ಪ್ರಕಾರ, ಅರ್ಧ ಗಂಟೆಗಿಂತ 2 ಗಂಟೆ ಬಿಟ್ಟು ಬಂದ ಯಜಮಾನನಿಗೆ ಹೆಚ್ಚಿನ ಸ್ವಾಗತ ಸಿಕ್ಕಿತು. ಬಾಲ ಹೆಚ್ಚು ಆಡಿತು, ಮೈಮೇಲೆ ಬೀಳುವುದು ಹೆಚ್ಚಾಯಿತು. ಆದರೆ 2 ಗಂಟೆಗೂ 4 ಗಂಟೆಗೂ ಅಂಥ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಜಪಾನಿನ ವಿಜ್ಞಾನಿಗಳು ಇನ್ನೂ ಸೂಕ್ಷ್ಮಕ್ಕೆ ಇಳಿದರು: ಅಗಲಿದ್ದ ಯಜಮಾನ ಮರಳಿದಾಗ ನಾಯಿಯ ಕಣ್ಣಿನಲ್ಲಿ ನೀರು ಹೆಚ್ಚಾಗುತ್ತದೆ, ಪರಿಚಯದ ಬೇರೆಯವರು ಬಂದರೆ ಹಾಗಾಗುವುದಿಲ್ಲ ಎಂದು ಅಳೆದು ತೋರಿಸಿದರು.

ಇಷ್ಟಾದರೂ ಊರಿನಲ್ಲಿ ಕರಿಯಾನ ಹೆಸರು ಕೆಟ್ಟಿತ್ತು. ‘ಮದಲ ಎಷ್ಟ ಶಾಣ್ಯಾ ಇತ್ತು. ಈಗ ಕಳ್ಳ ಆಗೇತಿ’ ಎಂದು ಪಕ್ಕದ ಮನೆಯವರು ದೂರಿದರು. ಎರಡು ಕೋಳಿ ಹಿಡಿದಿತ್ತಂತೆ. ಯಾರದೋ ಚಪ್ಪಲಿ ಕಡಿದಿತ್ತಂತೆ. ಹೊಡೆತವೂ ಬಿದ್ದಿತ್ತು, ಹಿಂಗಾಲೊಂದನ್ನು ಸ್ವಲ್ಪ ಎಳೆಯುತ್ತಿತ್ತು.

ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಡೆದ ಆಸ್ಟ್ರಿಯದ ಕೊನ್ರಾಡ್ ಲೊರೆಂಜ್ ತಮ್ಮದೇ ನಾಯಿಯ ಇಂಥ ಕಥೆ ಬರೆದಿದ್ದಾರೆ. ಅದರ ಹೆಸರು ಸ್ಟಾಸಿ. 1940ರಲ್ಲಿ ಲೊರೆಂಜ್ ದೂರದ ಊರಿಗೆ ಪ್ರಾಧ್ಯಾಪಕರಾಗಿ ಹೋಗಬೇಕಾಯಿತು. ರಜೆಗೆ ಬಂದು ಮತ್ತೆ ಹೊರಟಾಗ ಸ್ಟಾಸಿ ಚಲಿಸುವ ರೈಲಿಗೇ ಹಾರಿತು. ಅವರೇ ಅದನ್ನು ಕೆಳಗೆ ದೂಡಬೇಕಾಯಿತು. ಆ ಮೇಲೆ ಮನೆಯಿಂದ ಬಂದ ಕಾಗದಗಳಲ್ಲಿ ಬರೀ ದೂರು: ಸ್ಟಾಸಿ ನೆರೆಯವರ ಕೋಳಿ ಕೊಲ್ಲುತ್ತದೆ, ಯಾರ ಮಾತೂ ಕೇಳುವುದಿಲ್ಲ. ಕೊನೆಗೆ ಅದನ್ನು ಅಂಗಳದಲ್ಲಿ ಕೂಡಿಹಾಕಿದರು. ತಿಂಗಳುಗಳ ನಂತರ ಲೊರೆಂಜ್ ಬಂದರು. ಅದು ಅಪರಿಚಿತನೆಂದು ಮೇಲೇರಿ ಬಂತು. ನಡುವೆ ಗಾಳಿಯಲ್ಲಿ ವಾಸನೆ ಸಿಕ್ಕಿ ಕಲ್ಲಿನಂತೆ ನಿಂತಿತು. ಬಳಿಕ ತಲೆಯೆತ್ತಿ, ತಿಂಗಳುಗಳ ನೋವನ್ನೆಲ್ಲ ಒಂದೇ ದನಿಯಲ್ಲಿ ಊಳಿಟ್ಟಿತು. ಅಂದಿನಿಂದ ಮತ್ತೆ ಹಳೆಯ ಸ್ಟಾಸಿ. ಕಳ್ಳತನವೂ ಇಲ್ಲ, ತುಂಟತನವೂ ಇಲ್ಲ.

ಮಧ್ಯಾಹ್ನ ಗುಡ್ಡದ ಕಡೆಗೆ ಹೋದೆವು. 2019ರಿಂದ ಕಪ್ಪತಗುಡ್ಡ ವನ್ಯಜೀವಿ ಧಾಮ. ಅದರ ಕೆಳಗಿನ ಕೊಯ್ಲಾದ ಹೊಲದಲ್ಲಿ ಕುರಿ ಹಿಂಡು ತಂಗಿತ್ತು. ಹೊಲದವರಿಗೆ ಗೊಬ್ಬರ, ಕುರಿಯವರಿಗೆ ಕಾಳು, ಹಳೆಯ ಒಪ್ಪಂದ. ಕಂಬಳಿ ಹೊದ್ದ ಅಜ್ಜನ ಸುತ್ತ ನಾಲ್ಕು ನಾಯಿಗಳು ಬಿದ್ದುಕೊಂಡಿದ್ದವು. ಊರು ಬಿಟ್ಟು ಊರು ಅಲೆಯುವ ಇವುಗಳಿಗೆ ಮನೆಯ ಹಂಬಲ ಆಗುವುದಿಲ್ಲವೇ ಎಂದು ಕೇಳಿದೆ. ಅಜ್ಜ ನಕ್ಕ.

‘ಮನೀ ಎಲ್ಲೈತ್ರಿ ಇವಕ್ಕ? ನಾವು ಎಲ್ಲಿ ಕಂಬಳಿ ಹಾಸ್ತೀವಿ ಅದ ಮನಿ. ಆದ್ರ ಹೋದ ವರ್ಷ ನನಗ ಜ್ವರ ಬಂದು ಹತ್ತು ದಿನ ದವಾಖಾನ್ಯಾಗ ಇದ್ದೆ ನೋಡ್ರಿ. ಹಿಂಡು ಇಲ್ಲೇ ಇತ್ತು, ಮಕ್ಕಳು ಇಲ್ಲೇ ಇದ್ರು, ರೊಟ್ಟಿ ಇತ್ತು. ಆ ಬಿಳೇದು ಮಾತ್ರ ಕುರಿ ಬಿಟ್ಟು ನನ್ನ ಕಂಬಳಿ ಮ್ಯಾಲ ಮಲಕೊಂಡಿತ್ತಂತ. ತ್ವಾಳ ಬಂದ್ರೂ ಏಳಲಿಲ್ಲಂತ.’

ನನ್ನ ಒಂದು ಸಂದೇಹ ಅಲ್ಲಿ ಕಳೆಯಿತು. ನಾಯಿ ಊರನ್ನಾಗಲಿ ಮನೆಯನ್ನಾಗಲಿ ನೆನೆಯುವುದಿಲ್ಲ. ಕರಿಯಾ ಮನೆ ಕಾಯುತ್ತಿಲ್ಲ, ಮನೆಯವರನ್ನು ಕಾಯುತ್ತಿದೆ. ಬಾಗಿಲು ಅದರ ಪಾಲಿಗೆ ಒಂದು ಗುರುತು, ಅಜ್ಜನ ನಾಯಿಗೆ ಕಂಬಳಿ ಇದ್ದ ಹಾಗೆ.

ಈ ಸೀಮೆಯ ಜನಕ್ಕೆ ನಾಯಿಯ ನಿಷ್ಠೆ ಹೊಸದಲ್ಲ. ಕೊರ್ಲಹಳ್ಳಿಯ ಸೇತುವೆ ದಾಟಿದರೆ ಹೂವಿನಹಡಗಲಿ ಸೀಮೆ. ಅಲ್ಲಿಯ ಮೈಲಾರದಲ್ಲಿ ಗೊರವಯ್ಯಗಳು ದೇವರ ಮುಂದೆ ನಾಯಿಗಳಂತೆ ಬೊಗಳಿ, ದೋಣಿಯಲ್ಲಿ ಹಾಕಿದ ಹಾಲು ಬಾಳೆಹಣ್ಣು ಬಾಯಿ ಹಚ್ಚಿ ತಿನ್ನುತ್ತಾರೆ. ಒಡೆಯನಿಗೆ ಸೇರಿದವನು ಎಂದು ಹೇಳಲು ಇದಕ್ಕಿಂತ ದೊಡ್ಡ ವೇಷ ಅವರಿಗೆ ತೋಚಲಿಲ್ಲ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲತನಕ ನಾಯಿ ನಡೆದ ಕಥೆಯನ್ನು ಎಲ್ಲರೂ ಬಲ್ಲರು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತ ಬರೆದ ಕುಮಾರವ್ಯಾಸ ಮಾತ್ರ ಹತ್ತು ಪರ್ವಗಳಿಗೆ ನಿಲ್ಲಿಸಿದ. ಆ ನಾಯಿಯ ದಾರಿಗೆ ಅವನ ಕಾವ್ಯ ಬರಲೇ ಇಲ್ಲ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿದ.

ನಾಯಿಯನ್ನು ಕಳೆದುಕೊಂಡು ಮನುಷ್ಯ ಕೊರಗಿದ ದಾಖಲೆ ಕನ್ನಡದಲ್ಲಿ ಇನ್ನೂ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಹತ್ತನೆಯ ಶತಮಾನದ ನಡುವಿನ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಬಹುಮಾನವಾಗಿ ಕೇಳಿ ಪಡೆದದ್ದು ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಹಂದಿಯೂ ಕಾಳಿಯೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಹಂಬಲ ಒಂದೇ ಕಡೆಯದಲ್ಲ ಎಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಜಪಾನಿನ ಹಚಿಕೊ ನಿಮಗೆ ಗೊತ್ತಿರಬಹುದು. ಅದರ ಯಜಮಾನ, ಪ್ರಾಧ್ಯಾಪಕ ಉಯೆನೊ, 1925ರ ಮೇ ತಿಂಗಳಲ್ಲಿ ತೀರಿಕೊಂಡರು. 1935ರ ಮಾರ್ಚಿನಲ್ಲಿ ತಾನು ಸಾಯುವವರೆಗೆ ಹಚಿಕೊ ಟೋಕಿಯೊದ ಶಿಬುಯ ನಿಲ್ದಾಣಕ್ಕೆ ಹೋಗಿ ಅವರಿಗಾಗಿ ಕಾಯಿತು. ಈಗ ಅಲ್ಲಿ ಅದರ ಕಂಚಿನ ಪ್ರತಿಮೆ ಇದೆ. ಆದರೆ ಕಥೆಯಲ್ಲಿ ಹೆಚ್ಚು ಹೇಳದ ಒಂದು ಭಾಗವಿದೆ: 1932ರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬರುವವರೆಗೆ ನಿಲ್ದಾಣದಲ್ಲಿ ಅದನ್ನು ಬೀದಿನಾಯಿಯೆಂದು ಓಡಿಸುವವರು, ಹೊಡೆಯುವವರು ಇದ್ದರು. ಕಾಯುವ ನಾಯಿಗೂ ಕಾಟ ಕೊಡುವ ನಾಯಿಗೂ ಇರುವ ಅಂತರ ಎಷ್ಟೋ ಸಲ ನಮ್ಮ ತಿಳಿವಳಿಕೆಯಷ್ಟೇ.

ಹಾಗಾದರೆ ಏನು ಮಾಡಬೇಕು? ಗೆಳೆಯ ಮುದುಕಿಗೆ ಹೇಳಿದ್ದು ಪಟ್ಟಣದ ಮನೆಗಳಿಗೂ ಸಲ್ಲುತ್ತದೆ. ಹೊರಡುವ ಮುಂಚೆಯೇ, ಒಂದು ವಾರವಾದರೂ, ಮುಂದೆ ನೋಡಿಕೊಳ್ಳುವವರ ಕೈಯಿಂದಲೇ ಅನ್ನ ಹಾಕಿಸಿ. ದಿನವೂ ಅದೇ ಹೊತ್ತಿಗೆ ಹಾಕಿ. ಯಜಮಾನನ ಒಗೆಯದ ಒಂದು ಬಟ್ಟೆ ಬಿಟ್ಟು ಹೋಗಿ. ಸಾಧ್ಯವಾದರೆ ದಿನಕ್ಕೊಮ್ಮೆ ಹೊಲದತನಕ ನಡೆಸಿಕೊಂಡು ಹೋಗಿ. ದಿನನಿತ್ಯ ಕೆಲಸಕ್ಕೆ ಹೋಗುವವರ ನಾಯಿಗಳ ಗದ್ದಲ ಬಹುಪಾಲು ಬಾಗಿಲು ಹಾಕಿದ ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ. ಆದ್ದರಿಂದ ಮೊದಮೊದಲು ಐದು ನಿಮಿಷ, ಹತ್ತು ನಿಮಿಷ ಹೋಗಿ ಬಂದು ‘ಹೋದವರು ಬರುತ್ತಾರೆ’ ಎಂಬುದನ್ನು ಅದಕ್ಕೆ ಕಲಿಸಿ. ಕಡಿದು ಹಾಕಿದ್ದಕ್ಕೆ ತಾಸು ಬಿಟ್ಟು ಹೊಡೆದರೆ ಯಾವುದಕ್ಕೆ ಹೊಡೆದಿರೆಂದು ಅದಕ್ಕೆ ತಿಳಿಯುವುದಿಲ್ಲ. ಭಯ ಮಾತ್ರ ಹೆಚ್ಚುತ್ತದೆ. ಮಕ್ಕಳಿಗೊಂದು ಎಚ್ಚರಿಕೆ: ಊಟ ಬಿಟ್ಟ ನಾಯಿಯೆಲ್ಲ ಹಂಬಲದ ನಾಯಿಯಲ್ಲ. ಜೊಲ್ಲು ಸುರಿಸುತ್ತಾ, ತೂರಾಡುತ್ತಾ, ಕಂಡದ್ದನ್ನು ಕಚ್ಚಲು ಬರುವುದಿದ್ದರೆ ಹುಚ್ಚುನಾಯಿ ರೋಗವಿರಬಹುದು. ಮುಟ್ಟದೆ ದೂರ ಸರಿದು ದೊಡ್ಡವರಿಗೆ ತಿಳಿಸಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ.

ಸಂಜೆ ನಾವು ಓಣಿಗೆ ಮರಳಿದಾಗ ಶಾಲೆ ಬಿಟ್ಟಿತ್ತು. ಏಳನೇ ತರಗತಿಯ ಹುಡುಗ ಪಾಟೀಚೀಲ ಹೆಗಲಿಗೆ ಹಾಕಿಕೊಂಡು ಬಂದ. ಮುದುಕಿ ನಮ್ಮೆದುರೇ ಶುರು ಮಾಡಿದಳು: ‘ಇವಂದೂ ಅದ ರಗಳೆ ನೋಡ. ಮದಲ ಹಿಂಗಿರಲಿಲ್ಲ. ಈಗ ಯಾರಿಗ್ಯಾರ ಹೊಡದು ಬರತಾನ, ಬರದದ್ದು ಹರೀತಾನ. ಮಾಸ್ತರ್ರು ಎರಡು ಸಲ ಹೇಳಿ ಕಳಿಸ್ಯಾರ. ಕೇಳಿದ್ರ ಮಾತಾಡೂದಿಲ್ಲ.’

ಹುಡುಗ ನೆಲ ನೋಡುತ್ತಾ ನಿಂತಿದ್ದ. ಗೆಳೆಯ ಮುದುಕಿಯ ಮುಖ ನೋಡಿ ಮೆಲ್ಲಗೆ ಹೇಳಿದ: ‘ಆಯಿ, ಬೆಳಿಗ್ಗೆ ನಾಯಿ ಸಲುವಾಗಿ ನಾ ಏನೇನು ಹೇಳಿದೆ, ಇನ್ನೊಮ್ಮೆ ನೆನಪ ಮಾಡಿಕೊ.’

ಮುದುಕಿ ಸುಮ್ಮನಾದಳು. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಮಾಸಿದ ಅಂಗಿ ತಂದು ಹುಡುಗನ ಕೈಗಿಟ್ಟಳು. ‘ನಿಮ್ಮಪ್ಪಂದು. ಒಗದಿಲ್ಲ. ಹೋಗು, ಅದಕ್ಕ ಹಾಸು.’ ಜೊತೆಗೆ ಮೊಬೈಲನ್ನೂ ಕೊಟ್ಟಳು. ‘ಅವ್ವಗ ಫೋನ್ ಹಚ್ಚು. ರವಿವಾರದತನ ಕಾಯೂದು ಬ್ಯಾಡ.’

ಹುಡುಗ ಕಟ್ಟೆಯ ಮೇಲೆ ಅಂಗಿ ಹಾಸಿದ. ಕರಿಯಾ ಎದ್ದು ನಿಂತು ಅಂಗಿಯ ತೋಳಿನಿಂದ ಕೊರಳಿನವರೆಗೆ ಬಿಡದೆ ಮೂಸಿತು. ಫೋನಿನಿಂದ ಹೆಣ್ಣುದನಿ ಹೊರಟಾಗ ಕಿವಿ ನಿಮಿರಿಸಿ ಮೊದಲು ಬಾಗಿಲನ್ನು ನೋಡಿತು, ಆಮೇಲೆ ಫೋನನ್ನು, ಆಮೇಲೆ ಫೋನಿನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಹುಡುಗನ ಬೆನ್ನ ಹಿಂದೆ ಹೋಗಿ ನೋಡಿತು. ಹುಡುಗ ನಕ್ಕುಬಿಟ್ಟ. ನಾವು ಬಂದಾಗಿನಿಂದ ಅವನು ನಕ್ಕದ್ದು ಅದೇ ಮೊದಲು.

ಅಷ್ಟರಲ್ಲಿ ಊರ ಹೊರಗೆ ಸಂಜೆಯ ಬಸ್ಸಿನ ಹಾರ್ನ್ ಕೇಳಿತು. ಕರಿಯಾ ಕಟ್ಟೆಯಿಂದ ಹಾರಿ, ಕುಂಟುತ್ತಲೇ ಸ್ಟ್ಯಾಂಡಿನ ಕಡೆ ಓಡಿತು. ಹುಡುಗ ಫೋನನ್ನು ಕಿವಿಗೆ ಹಿಡಿದುಕೊಂಡೇ ಅದರ ಹಿಂದೆ ಹೊರಟ. ಬಸ್ಸಿನಲ್ಲಿ ಯಾರೂ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಹೋದ, ಬರುವಾಗ ಅದಕ್ಕೆ ಜೊತೆ ಬೇಕಲ್ಲ.